ಮೈಬೂಬನ ರುಮಾಲು

ಆ ವರ್ಷ ಪುಷ್ಯಮಾಸದಲ್ಲಿ ಇಂಡಿ ತಾಲೂಕಿನ ಸೀಮೆಯ ಮೇಲೆ ಇಳಿದ ಮಂಜು ಇಳಿದಂತೆಯೇ ಕೂತುಬಿಟ್ಟಿತ್ತು. ಹೊತ್ತು ಮಾರುದ್ದ ಏರಿದರೂ ಬಿಳಿಜೋಳದ ಹೊಲಗಳು ಕಾಣುತ್ತಿರಲಿಲ್ಲ. ತೆನೆಗಳು ಮಾತ್ರ ಹಾಲಿನ ಮೇಲೆ ತೇಲಿದ ಹಾಗೆ ಅಲ್ಲಲ್ಲಿ ಎದ್ದು ನಿಂತಿರುತ್ತಿದ್ದವು. ಅಂಥ ಒಂದು ಬೆಳಗ್ಗೆ ಪೊಲೀಸ್ ಜೀಪು ಝಳಕಿಯ ಸಡಕು ಬಿಟ್ಟು ಗಾಡಿದಾರಿಗೆ ಇಳಿಯಿತು. ಹಿಂದೆ ಕೂತಿದ್ದ ಬಸಂತರಾಯನೆಂಬ ಪೊಲೀಸನಿಗೆ ತಾನು ಎಚ್ಚರಾಗಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯಲಿಲ್ಲ. ಅವನ ಮೊಣಕಾಲಿನ ಮೇಲೆ ಗದ್ದ ಊರಿಕೊಂಡು ಕಸ್ತೂರಿ ಕೂತಿತ್ತು.

ಕಸ್ತೂರಿ ಅಂದರೆ ನಾಯಿ. ಕಾಡಿಗೆಯಂಥ ಮೈ, ಹುಬ್ಬಿನ ಜಾಗದಲ್ಲಿ ಕಂದು ಬೊಟ್ಟು, ಮೋಟು ಬಾಲ. ಆ ಭಾಗದ ಜನ ಪೊಲೀಸ್ ನಾಯಿ ಎಂಬುದನ್ನು ಕಂಡದ್ದೇ ಅದು ಬಂದ ಮೇಲೆ. ಬಸಂತರಾಯ ಮುದ್ದೇಬಿಹಾಳದ ಕಡೆಯವನು, ಡೋಣಿ ದಂಡೆಯ ರೈತರ ಮನೆಯ ಮಗ. ನಾಯಿಯ ಜೊತೆ ತರಬೇತಿಗೆ ಹೋಗು ಎಂದು ಮೇಲಿನವರು ಹೇಳಿದಾಗ ಪೊಲೀಸ್ ಲೈನಿನ ಮಂದಿಯೆಲ್ಲ ನಕ್ಕಿದ್ದರು, ಅವನೂ ಒಳಗೊಳಗೇ ಕುಗ್ಗಿದ್ದ. ಈಗ ಆ ನಾಯಿ ಇಲ್ಲದೆ ಅವನಿಗೆ ಜಗತ್ತು ಅರ್ಧ ಮಾತ್ರ ಅನಿಸುತ್ತಿತ್ತು. ನಾವು ಕಣ್ಣಿಗೆ ಕಂಡಷ್ಟನ್ನೇ ಊರು ಅನ್ನುತ್ತೇವೆ. ಅದರ ಕೆಳಗೆ ವಾಸನೆಯ ಇನ್ನೊಂದು ಊರಿದೆ, ನಿನ್ನೆ ನಡೆದುಹೋದವರು ಅಲ್ಲಿ ಇವತ್ತೂ ನಡೆಯುತ್ತಲೇ ಇರುತ್ತಾರೆ ಎಂದು ಅವನಿಗೆ ಎಷ್ಟೋ ಸಲ ಅನಿಸಿತ್ತು. ಹಗ್ಗ ಹಿಡಿದು ಆ ಊರಿನ ಅಗಸಿ ಬಾಗಿಲ ತನಕ ಅವನು ಹೋಗಬಲ್ಲ. ಒಳಗೆ ಹೋಗುವುದು ಕಸ್ತೂರಿ ಒಂದೇ.

ಗಾಡಿದಾರಿಯ ತುದಿಯ ಹಳ್ಳಿಯಲ್ಲಿ ಜವಳಿ ಅಂಗಡಿಯ ಬಾಗಿಲು ಮುರಿದು ಸೀರೆಗಳ ಗಂಟು ಹೊತ್ತೊಯ್ದಿದ್ದರು. ಹಿತ್ತಲ ಗೋಡೆ ಹಾರುವಾಗ ಕಳ್ಳನ ಒಂದು ಚಪ್ಪಲಿ ಬಚ್ಚಲ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಕಸ್ತೂರಿ ಅದನ್ನು ಮೂಸಿತು, ಓಣಿ ಹಿಡಿಯಿತು, ಊರ ಹಿಂದಿನ ಬಯಲು ದಾಟಿ ಒಂದು ಬಣವೆಯ ಮುಂದೆ ಕೂತು ಬೊಗಳಿತು. ಕಣಿಕೆ ಸರಿಸಿದರೆ ಒಳಗೆ ಸೀರೆಗಳು. ಅಲ್ಲಿಂದ ತಿರುಗಿ ಜನ ನೆರೆದಿದ್ದ ಚಾವಡಿಗೆ ಬಂತು. ಗುಂಪಿನೊಳಗೆ ಹೊಕ್ಕಿತೋ ಇಲ್ಲವೋ, ಬಣವೆಯವರ ಅಳಿಯನೊಬ್ಬ "ನಾನs ರೀ, ನಾನs ತಗೊಂಡೇನಿ" ಎಂದು ಕೈಮುಗಿದು ಕುಸಿದ. ನಾಯಿ ಇನ್ನೂ ಅವನ ಹತ್ತಿರಕ್ಕೂ ಬಂದಿರಲಿಲ್ಲ.

ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ಚಾವಡಿಯ ಕಟ್ಟೆಯ ಮುಂದೆ ದರ್ಗಾದ ಮುಂದೆ ಕೂಡುವಂತೆ ಜನ ಕೂಡಿದರು. ಒಬ್ಬಾಕೆ ಕಳೆದುಹೋದ ಎಮ್ಮೆಕರುವಿನ ಹಗ್ಗ ಹಿಡಿದು ಬಂದಳು. ಒಬ್ಬ ಮುದುಕ, ತನ್ನ ಬೆತ್ತ ಕದ್ದವನು ಸತ್ತು ಬಹಳ ವರ್ಷವಾಗಿದೆ, ಆದರೂ ಹೆಸರು ತಿಳಿದರೆ ಸಾಕು ಎಂದ. ಬಸಂತರಾಯ ನಗುತ್ತ ಎಲ್ಲರನ್ನೂ ಸಾಗಹಾಕುತ್ತಿದ್ದ. ಕಸ್ತೂರಿ ಮುಂಗಾಲುಗಳ ಮೇಲೆ ತಲೆಯಿಟ್ಟು ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಮಲಗಿತ್ತು.

ಆಗ ಸೈದಾಬಿ ಬಂದಳು. ಕಣ್ಣಿಗೆ ಪೊರೆ ಬಂದ ಮುದುಕಿ, ಸೊಸೆ ಲಾಲಬಿಯ ಭುಜ ಹಿಡಿದು ನಡೆಯುತ್ತಿದ್ದಳು. ಕಟ್ಟೆಯ ಹತ್ತಿರ ಬಂದು ನಿಂತು, ಗಾಳಿಗೆ ಮುಖ ಮಾಡಿ ಕೇಳಿದಳು:

"ತಮ್ಮಾ, ನಿನ್ನ ನಾಯಿ ಎಲ್ಲೈತಿ? ನನಗ ಕಣ್ಣ ಮಂದ."

"ಇಲ್ಲೇ ಮಲಗೇತಿ ಯವ್ವಾ. ಏನೂ ಮಾಡೂದಿಲ್ಲ, ಹೆದರಬ್ಯಾಡ್ರಿ."

"ಹೆದರಾಕ ಏನೈತಿ" ಎಂದು ಮುದುಕಿ ಕುಪ್ಪಸದ ಹತ್ತಿರ ಬಚ್ಚಿಟ್ಟಿದ್ದ ಗಂಟು ಬಿಚ್ಚಿದಳು. ಒಳಗೆ ಕುಸುಬೆ ಹೂವಿನ ಬಣ್ಣದ ಒಂದು ರುಮಾಲು. "ಇದು ನನ್ನ ಮಗ ಮೈಬೂಬಂದು, ಟ್ರಂಕಿನಾಗ ಇಟ್ಟಿದ್ದೆ. ಮುಂಬೈ ಗಿರಣಿಗೆ ಹೋಗ್ತೇನಂತ ಹ್ವಾದ. ಆವಾಗ ನಮ್ಮ ಇಂಡೀನೂ ಮುಂಬೈ ರಾಜ್ಯದಾಗ ಇತ್ತಪಾ. ನಾಡ ಇತ್ತಾಗ ಬಂತು, ಮಗ ಅತ್ತಾಗs ಉಳದ. ಒಮ್ಮೆ ಮೂಸಾಕ ಹಚ್ಚು."

ಬಸಂತರಾಯ ಮೆತ್ತಗೆ ಹೇಳಿದ: "ಅಷ್ಟ ವರ್ಷದ ಜಾಡು ನಾಯಿಗೆ ಸಿಗೂದಿಲ್ರಿ ಯವ್ವಾ."

"ವರ್ಷದ್ದಲ್ಲ. ಅವ ಬಂದಾನ." ಮುದುಕಿಯ ದನಿ ತಗ್ಗಿತು. "ಮಂದಿ ನೋಡ್ಯಾರ. ಚಳಿಗಾಲ ಬಂತಂದ್ರ, ಇನ್ನೂ ನಸುಕ ಹರಿಯೂದರಾಗ, ರುಮಾಲ ಸುತ್ತಿದಾವ ಒಬ್ಬ ಹಳ್ಳದ ಕಡೆ ಹೊಂಟಿರತಾನಂತ. ಕೂಗಿದ್ರ ನಿಲ್ಲೂದಿಲ್ಲ. ಥೇಟ ನಿನ್ನ ಮೈಬೂಬನs ಅಂತ ಹೇಳ್ತಾರ. ಬರಿಗೈಲೆ ಬಂದು ತಾಯಿಗೆ ಮಾರಿ ತೋರ್ಸಾಕ ನಾಚತಾನೇನೋ. ನಾಚೂದ ಬ್ಯಾಡಂತ ನಾ ಹೇಳಬೇಕಲ್ಲ?"

ಜನರಲ್ಲಿ ಕೆಲವರು ತಲೆಯಾಡಿಸಿದರು. ತಾವೂ ಕಂಡಿದ್ದೇವೆ ಎಂದರು. ಊರಂಚಿನ ಬೇವಿನ ಮರದ ಹತ್ತಿರ ಆ ಆಕೃತಿ ಕಾಣುತ್ತದೆ, ಹಳ್ಳಕ್ಕಿಳಿದ ಮೇಲೆ ಮಂಜಿನಲ್ಲಿ ಕರಗಿಬಿಡುತ್ತದೆ.

"ಅತ್ತಿ, ಮನೀಗೆ ನಡೀರಿ" ಎಂದಳು ಲಾಲಬಿ. ಮೈಬೂಬನ ಹೆಂಡತಿ, ಮೂವತ್ತರ ಆಚೀಚಿನ ಹೆಂಗಸು, ಸೆರಗನ್ನು ಗದ್ದದ ತನಕ ಎಳೆದುಕೊಂಡಿದ್ದಳು. "ಮಂಜಿನಾಗ ಮಂದಿಗೆ ಏನೇನೋ ಕಾಣತೈತಿ. ನಾಯೀನೂ ದಣದೈತಿ."

ಆದರೆ ಕಳ್ಳ ಸಿಕ್ಕ ಖುಷಿಯಲ್ಲಿದ್ದ ಠಾಣೆಯ ಫೌಜದಾರ ಸಾಹೇಬರು ಎಲೆ ಅಡಿಕೆ ಜಗಿಯುತ್ತ ಮಾತು ಕೇಳಿಸಿಕೊಂಡಿದ್ದರು. ಮಂಜಿನಲ್ಲಿ ಓಡಾಡುವ ಗುರುತಿಲ್ಲದ ಮನುಷ್ಯ ಅಂದರೆ ಅವರಿಗೂ ಕಿವಿ ನೆಟ್ಟಗಾಗುವ ವಿಷಯವೇ. "ಇರ್ಲಿ ಬಸಂತರಾಯ, ಮುಂಜಾನೆ ಒಂದ ಸುತ್ತ ಹಾಕಿಬಿಡು. ಮುದುಕಿ ಮನಸ್ಸಿಗೂ ಸಮಾಧಾನ ಆಗ್ಲಿ" ಎಂದರು.

ಮುಂಜಾನೆ ಹೊರಟಾಗ ಮಂಜು ನಿನ್ನೆಗಿಂತ ದಟ್ಟವಾಗಿತ್ತು. ಬೇವಿನ ಮರದ ಬುಡದಲ್ಲಿ ಬಸಂತರಾಯ ರುಮಾಲನ್ನು ಕಸ್ತೂರಿಯ ಮೂಗಿಗೆ ಹಿಡಿದ. ಸಿಗುವುದಿಲ್ಲ ಎಂದೇ ಅವನು ತಿಳಿದಿದ್ದ. ನಾಯಿ ಸ್ವಲ್ಪ ಸುತ್ತಾಡಿ ಬಂದು ಕೂತುಬಿಟ್ಟರೆ, ಮಗ ಇಲ್ಲಿಗೆ ಬಂದಿಲ್ಲ ಯವ್ವಾ ಎಂದು ಹೇಳಿ ಕೈಮುಗಿದು ಜೀಪು ಹತ್ತುವುದು.

ಕಸ್ತೂರಿ ರುಮಾಲಿನಲ್ಲಿ ಮೂಗು ಹುದುಗಿಸಿ, ತಲೆ ಎತ್ತಿ, ಒಮ್ಮೆ ಮೈ ಕೊಡವಿತು. ಆಮೇಲೆ ಮೂಗನ್ನು ನೆಲಕ್ಕೆ ಹಚ್ಚಿ ಹಗ್ಗವನ್ನು ಹೇಗೆ ಜಗ್ಗಿತೆಂದರೆ ಬಸಂತರಾಯ ಮುಗ್ಗರಿಸಿದ.

ಆ ಜಗ್ಗು ಅವನಿಗೆ ಗೊತ್ತಿತ್ತು. ಹಳೆಯ ಜಾಡನ್ನು ನಾಯಿ ಬೇಡುತ್ತ ಬೇಡುತ್ತ ಹೋಗುತ್ತದೆ, ನಿಲ್ಲುತ್ತದೆ, ಹಿಂದೆ ಬರುತ್ತದೆ. ಇದು ಹಾಗಲ್ಲ. ಇದು ನಿನ್ನೆ ನಡೆದ ದಾರಿ. ಹೆಚ್ಚೆಂದರೆ ಮೊನ್ನೆ. ರುಮಾಲಿನ ವಾಸನೆಯವರು ಯಾರೋ ಇಲ್ಲಿ ಬಂದುಹೋಗಿರುವುದು ಖರೆ.

ಹಳ್ಳಕ್ಕೆ ಇಳಿದರು. ಹಿಂದೆ ಜನ ಬರುತ್ತಿದ್ದರು, ಆದರೆ ಮಂಜಿನಲ್ಲಿ ಅವರ ಮಾತು ಮಾತ್ರ ಕೇಳುತ್ತಿತ್ತು. ಬಸಂತರಾಯನಿಗೆ ಕಸ್ತೂರಿಯೂ ಪೂರ್ತಿ ಕಾಣುತ್ತಿರಲಿಲ್ಲ. ಕೈಯಲ್ಲಿನ ಹಗ್ಗ ಬಿಳಿಯೊಳಗೆ ಹೋಗಿ ಮಾಯವಾಗುತ್ತಿತ್ತು, ಅದರ ಆ ತುದಿಯಲ್ಲಿ ಯಾವುದೋ ಬಾಳು ಅವನನ್ನು ಮೆಲ್ಲಗೆ ಎಳೆಯುತ್ತಿತ್ತು. ಕಾಲ ಕೆಳಗೆ ನೀರು, ಆಮೇಲೆ ಉಸುಕು, ಆಮೇಲೆ ಎರೆಮಣ್ಣು. ಎಲ್ಲಿಯೋ ಕವುಜಗ ಹಕ್ಕಿ ಕೂಗಿತು. ತನ್ನ ಪಕ್ಕದಲ್ಲೇ ಇನ್ನೊಬ್ಬರು ನಡೆಯುತ್ತಿದ್ದಾರೆ, ದಿನಾ ನಡೆದು ಈ ದಾರಿಯ ತಗ್ಗುದಿಣ್ಣೆಯೆಲ್ಲ ಬಲ್ಲವರು, ಎಲ್ಲಿ ಕಲ್ಲಿದೆಯೋ ಅಲ್ಲಿ ಸೀರೆಯ ನಿರಿಗೆ ಎತ್ತಿಕೊಳ್ಳುವವರು ಎಂದು ಅವನಿಗೆ ಅನಿಸಿತು. ಸೀರೆ ಎಂದು ಯಾಕೆ ಅನಿಸಿತು ಎಂಬುದು ಅವನಿಗೇ ತಿಳಿಯಲಿಲ್ಲ. ದಡ ಹತ್ತಿದ ಮೇಲೆ ಮಂಜಿಗೆ ಒಂದು ಪರಿಮಳ ಬಂತು. ಹುಳಿಯೂ ಸಿಹಿಯೂ ಸೇರಿದ, ಹಲ್ಲಿನ ಬುಡದಲ್ಲಿ ನೀರೂರಿಸುವ ಪರಿಮಳ. ಗೌಡರ ನಿಂಬೆ ತೋಟ.

ಮರಗಳ ನಡುವೆ ಸುತ್ತಿ ಬಳಸಿ ಕಸ್ತೂರಿ ಒಂದು ಗುಡಿಸಲಿನ ಮುಂದೆ ಹೋಗಿ ನಿಂತಿತು. ಹೊಸ್ತಿಲು ಮೂಸಿತು. ಕೂತಿತು. ಬೊಗಳಿತು.

ಒಳಗಿನಿಂದ ತೋಟ ಕಾಯುವ ಗೈಬುಸಾಬ ಕಂಬಳಿ ಹೊದ್ದು ಹೊರಗೆ ಬಂದ. ಸಿಂದಗಿಯ ಕಡೆಯಿಂದ ಬಂದು ನೆಲೆನಿಂತವನು, ಹೆಂಡತಿ ಸತ್ತ ಮೇಲೆ ಮದುವೆಯಾಗಿರಲಿಲ್ಲ, ನಾಲ್ಕು ಮಾತಿನ ಜಾಗದಲ್ಲಿ ಒಂದು ಆಡುವವನು. ನಾಯಿ, ಅದರ ಹಿಂದೆ ಪೊಲೀಸ, ಅವನ ಹಿಂದೆ ಮಂಜಿನಿಂದ ಒಬ್ಬೊಬ್ಬರಾಗಿ ಮೂಡುತ್ತಿದ್ದ ಊರ ಮಂದಿಯನ್ನು ನೋಡಿ ಅವನು ಏನೂ ಕೇಳಲಿಲ್ಲ. ಅವನ ಕಣ್ಣು ಮಾತ್ರ ಆ ಮಂದಿಯಲ್ಲಿ ಯಾರನ್ನೋ ಹುಡುಕಿತು.

"ಮೈಬೂಬ ಎಲ್ಲದಾನ?" ಎಂದರು ಫೌಜದಾರರು.

"ನನಗ ಗೊತ್ತಿಲ್ರಿ."

"ನಾಯಿ ನಿನ್ನ ಬಾಗಲದಾಗ ಕುಂತೈತಿ."

ಆಗ ಗುಂಪಿನಲ್ಲಿ ಯಾರೋ ಹೊಸ ಗುಂಡಿಗಳನ್ನು ತೋರಿಸಿದರು. ಗುಡಿಸಲಿನ ಹಿಂದೆ ಸಸಿ ಹಚ್ಚಲು ತೋಡಿದ ಗುಂಡಿಗಳು ಸಾಲಾಗಿದ್ದವು, ಕೆಲವು ಮುಚ್ಚಿದ್ದವು. ಅಷ್ಟೇ. ಒಬ್ಬ ಹೆಂಗಸು ಬಾಯಿಗೆ ಸೆರಗು ಹಿಡಿದು, "ಅಯ್ಯ, ಮಂಜಿನಾಗ ತಿರಗೂದು ಜೀವಂತ ಮನಿಷ್ಯಾ ಅಲ್ಲವಾ, ಹುಗದಲ್ಲಿಗೆ ಬಂದು ಬಂದು ಹೋಗಾಕತ್ತೈತಿ" ಎಂದಳು. ಮಾತು ಮರದಿಂದ ಮರಕ್ಕೆ ಹಬ್ಬಿತು. ಮುಂಬೈಯಿಂದ ತಿರುಗಿ ಬರುವಾಗ ಮೈಬೂಬನನ್ನು ಇವನೇ ಕೊಂದು ಹುಗಿದಿರಬೇಕು. ನಾಯಿ ಸುಳ್ಳು ಹೇಳುವುದಿಲ್ಲ. ಜವಳಿ ಅಂಗಡಿಯ ಕಳ್ಳನನ್ನು ನಿನ್ನೆ ಹಿಡಿಯಲಿಲ್ಲವೇ? ಯಾರೋ ಸನಿಕೆ ತಂದರು.

ಅದೇ ಹೊತ್ತಿಗೆ ಗಾಳಿ ತಿರುಗಿತು. ಕಸ್ತೂರಿ ತಟ್ಟನೆ ಕತ್ತು ಹೊರಳಿಸಿ, ಎದ್ದು, ಮಂದಿಯ ಕಡೆಗೆ ಹೊರಟಿತು. ಎಲ್ಲರ ಹಿಂದೆ ಅತ್ತೆಯ ಕೈ ಹಿಡಿದು ಆಗ ತಾನೇ ದಡ ಹತ್ತಿ ಬಂದಿದ್ದ ಲಾಲಬಿಯ ಕಡೆಗೆ. ಎರಡು ಹೆಜ್ಜೆ ಸಾಕಾದವು. ಬಸಂತರಾಯನಿಗೆ ಇಡೀ ದಾರಿ ಒಮ್ಮೆಲೇ ಕಣ್ಣ ಮುಂದೆ ಬಂತು. ನಸುಕಿನಲ್ಲಿ ಟ್ರಂಕು ತೆರೆದು, ದೂರದಿಂದ ನೋಡಿದವರಿಗೆ ಗಂಡಸು ಅನಿಸಲೆಂದು ತಲೆಗೆ ರುಮಾಲು ಸುತ್ತಿಕೊಂಡು, ಹಳ್ಳ ದಾಟಿ ಇಲ್ಲಿಗೆ ಬರುತ್ತಿದ್ದ ಹೆಂಗಸಿನ ದಾರಿ. ಅವನು ಹಗ್ಗವನ್ನು ಕೈಗೆ ಸುತ್ತಿ ಗಿಡ್ಡ ಮಾಡಿ, ನಾಯಿಯನ್ನು ಕಾಲಿಗೆ ಒತ್ತಿ ನಿಲ್ಲಿಸಿದ. ಯಾರೂ ಗಮನಿಸಲಿಲ್ಲ. ಲಾಲಬಿ ಮಾತ್ರ ನೋಡಿದಳು.

ಈಗ ಏನು ಮಾಡಬೇಕು? ಖರೆ ಹೇಳಿದರೆ ಊರೆಲ್ಲ ಕೂಡಿದ ಕಡೆ ಒಬ್ಬ ಹೆಣ್ಣುಮಗಳ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಏನೂ ಮಾಡದವನು ಕೊಲೆಗಾರನಾಗುತ್ತಾನೆ. ಬಸಂತರಾಯ ಜೀವಮಾನದಲ್ಲಿ ಮೊದಲ ಸಲ ತನ್ನ ನಾಯಿಯ ಮೇಲೆ ಸುಳ್ಳು ಹೇಳಿದ.

"ಸಾಹೇಬ್ರ, ನಾಯಿ ತಪ್ಪೇತ್ರಿ. ನಿಂಬಿ ವಾಸನಿ ಬಾಳ ಐತಿ ಇಲ್ಲಿ, ಅದಕ್ಕ ದಾರಿ ಕೆಟ್ಟೈತಿ."

ಫೌಜದಾರರು ಅವನನ್ನೇ ನೋಡಿದರು. "ಇವತ್ತ ತಪ್ಪಿದ್ರ ನಿನ್ನೇನೂ ತಪ್ಪಿರಬೇಕಲ್ಲೋ? ಹಂಗಾರ ಆ ಕಳ್ಳನ್ನೂ ಬಿಟ್ಟಬಿಡೂನೇನು?" ಅವರು ಕೆಟ್ಟ ಮನುಷ್ಯರಲ್ಲ, ಆದರೆ ಎದುರಿಗೆ ನಾಯಿ ಕೂತ ಬಾಗಿಲಿತ್ತು, ಹೊಸ ಮಣ್ಣಿತ್ತು. "ಅಗೀರಿ" ಎಂದರು.

ಮೊದಲ ಗುಂಡಿಗೆ ಸನಿಕೆ ಬಿತ್ತು. ಮುಚ್ಚಿದ ಗುಂಡಿಯಿಂದ ಒಂದು ಎಳೆಯ ಸಸಿ ಬೇರು ಸಮೇತ ಹಾರಿ ಬಿದ್ದಾಗ ಗೈಬುಸಾಬ ಬಗ್ಗಿ ಅದನ್ನು ಎತ್ತಿ ನೆರಳಿಗಿಟ್ಟ, ಅಷ್ಟೇ. ಇವನು ಕೈಗೆ ಬೇಡಿ ಬಿದ್ದರೂ ಹೆಸರು ಹೇಳುವವನಲ್ಲ ಎಂದು ಬಸಂತರಾಯನಿಗೆ ತಿಳಿಯಿತು.

"ಅಗೀಬ್ಯಾಡ್ರಿ."

ದನಿ ದೊಡ್ಡದಾಗಿರಲಿಲ್ಲ. ಆದರೂ ಸನಿಕೆ ನಿಂತಿತು. ಲಾಲಬಿ ಅತ್ತೆಯ ಕೈ ಬಿಡಿಸಿಕೊಂಡು ಮುಂದೆ ಬಂದಿದ್ದಳು. ಸೆರಗು ಭುಜದ ಮೇಲೆ ಜಾರಿತ್ತು, ಅದನ್ನು ಎಳೆದುಕೊಳ್ಳಲೂ ಇಲ್ಲ.

"ಅಲ್ಲಿ ಯಾರೂ ಇಲ್ಲ. ಮಂಜಿನಾಗ ಬರಾಕಿ ನಾನು. ಆ ರುಮಾಲ ಸುತಗೊಂಡು ಬರಾಕಿ ನಾನು. ಅದರಾಗ ಇರೂದು ನನ್ನ ವಾಸನಿ, ನಾಯಿ ಅದನ್ನ ಹಿಡಕೊಂಡು ಬಂದೈತಿ. ಬಿಡ್ರಿ ಅದನ್ನ, ಬೇಕಾದ್ರ ನೋಡ್ರಿ."

ಬಸಂತರಾಯನ ಕೈ ತಾನಾಗಿ ಸಡಿಲಾಯಿತು. ಕಸ್ತೂರಿ ಮಂದಿಯ ನಡುವೆ ನೆಟ್ಟಗೆ ನಡೆದುಹೋಗಿ, ಅವಳ ಅಂಗೈಯಲ್ಲಿ ಮೂಗಿಟ್ಟು, ಕಾಲ ಬಳಿ ಕೂತಿತು. ಬೊಗಳಲಿಲ್ಲ.

ತೋಟದಲ್ಲಿ ಮಂಜು ಎಲೆಗಳಿಂದ ತಟಕು ತಟಕು ತೊಟ್ಟಿಕ್ಕುತ್ತಿದ್ದದ್ದು ಕೇಳಿಸಿತು. ಯಾರೋ ಕ್ಯಾಕರಿಸಿದರು. ಒಬ್ಬ ಹಿರಿಯ "ಥೂ" ಎಂದು ಶುರುಮಾಡಿದ್ದ, ಅಷ್ಟರಲ್ಲಿ ಸೈದಾಬಿ ಕೈ ಚಾಚಿದಳು.

"ಪೊಲೀಸಪ್ಪಾ, ಆ ರುಮಾಲ ಇತ್ತ ಕೊಡು."

ಕೊಟ್ಟ. ಮುದುಕಿ ಅದನ್ನು ಮುಖಕ್ಕೆ ಒತ್ತಿಕೊಂಡಳು, ಹೆಣ್ಣುಮಕ್ಕಳು ಹೆತ್ತ ಕೂಸಿನ ನೆತ್ತಿ ಮೂಸುವ ಹಾಗೆ. ಬಟ್ಟೆ ಕೆಳಗಿಳಿಸಿದಾಗ ಅವಳ ಮಂಜುಗಣ್ಣುಗಳು ಒದ್ದೆಯಾಗಿದ್ದವು, ದನಿ ಮಾತ್ರ ಒಣಗಿತ್ತು.

"ಇದರಾಗ ನನ್ನ ಮಗ ಇಲ್ಲ. ಯಾವಾಗೋ ಹೋಗಿಬಿಟ್ಟಾನ." ರುಮಾಲನ್ನು ಮಡಿಸುತ್ತ ಹೇಳಿದಳು: "ಶುಕ್ರವಾರಕ್ಕೊಮ್ಮೆ ತಗದು ಮೂಸತಿದ್ದೆ. ಇತ್ತಿತ್ತಲಾಗ ನಿಂಬಿ ವಾಸನಿ ಬರಾಕತ್ತಿತ್ತು. ಮುಂಬೈದಾಗ ಎಲ್ಲೋ ಒಂದ ನಿಂಬಿತ್ವಾಟ ಇರಬೇಕು, ನನ್ನ ಮೈಬೂಬ ಅಲ್ಲಿ ತಂಪಿನಾಗ ಮಲಗತಾನ ಅಂತ ತಿಳಕೊಂಡಿದ್ದೆ. ತಾಯಿ ಹುಚ್ಚು."

"ಅತ್ತಿ" ಎಂದು ಲಾಲಬಿ ಅವಳ ಕಾಲ ಬಳಿ ಕೂತಳು. "ತಪ್ಪಾತ್ರಿ ಅತ್ತಿ. ನಿಮ್ಮನ್ನ ಬಿಟ್ಟ ಹೋಗಾಕ ಮನಸ್ಸ ಬರಲಿಲ್ಲ. ಅವರ ಸುದ್ದಿ ಇಲ್ಲದs ಏನ ಹೇಳೂದಂತನೂ ತಿಳೀಲಿಲ್ಲ."

"ಎಳೇ ಪ್ರಾಯದಾಗ ನನ್ನ ಮನಿಗೆ ಬಂದಿ. ನಾ ದಿನಾ ಮಗ ಬಂದಾನಂತ ಹೇಳಿದೆ, ನೀ ದಿನಾ ಹೂಂ ಅಂದಿ. ನಿನಗ ಬಾಯಿ ಎಲ್ಲಿ ಇಟ್ಟಿದ್ದೆ ನಾನು?" ಮುದುಕಿ ಸೊಸೆಯ ತಲೆಯನ್ನು ತಡವಿ ಹುಡುಕಿ, ಸೆರಗನ್ನು ಎತ್ತಿ ಅವಳ ನೆತ್ತಿಯ ಮೇಲೆ ಹೊದಿಸಿದಳು. ಆಮೇಲೆ ಮುಖವೆತ್ತಿ, ಯಾರೆಂದು ಕಾಣದ ಮಂದಿಗೆಲ್ಲ ಹೇಳಿದಳು: "ಇದು ನಮ್ಮ ಮನೀ ಮಾತು. ಬಿಸಿಲ ಬೀಳಾಕತ್ತೈತಿ, ನಿಮ್ಮ ನಿಮ್ಮ ಹೊಲಕ್ಕ ಹೋಗ್ರಿ."

ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಆಗಲಿಲ್ಲ. ಮಗನನ್ನು ಕಳೆದುಕೊಂಡವಳೇ ಸುಮ್ಮನಾದ ಮೇಲೆ ಊರಿನವರು ಯಾವ ಬಾಯಿಂದ ಕೇಳಬೇಕು? ಫೌಜದಾರರು ಟೋಪಿ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸನಿಕೆ ಹಿಡಿದವನಿಗೆ ಗುಂಡಿ ಮುಚ್ಚಲು ಹೇಳಿದರು. ಬಸಂತರಾಯನ ಪಕ್ಕ ಹಾಯುವಾಗ, "ನಾಯಿ ತಪ್ಪೇತಿ ಅಂದ್ಯಲ್ಲೋ" ಎಂದರು ಮೆಲ್ಲಗೆ. "ಇನ್ನ ಮ್ಯಾಲ ಹಂಗ ಅನಬ್ಯಾಡ, ಅದಕ್ಕ ಬ್ಯಾಸರ ಆಗ್ತೈತಿ."

ಜೀಪಿನಲ್ಲಿ ಬಸಂತರಾಯ ಕಸ್ತೂರಿಯ ಕಿವಿಯ ಹಿಂದೆ ಕೆರೆಯುತ್ತ ಕೂತ. ಇಷ್ಟು ದಿನ ಅವನು ಈ ಮೂಗಿನಿಂದ ಕಳ್ಳರನ್ನು ಹಿಡಿದಿದ್ದ. ಇದು ಹಿಡಿದು ತಂದದ್ದನ್ನೆಲ್ಲ ಹೊರಗಿಡಲೇಬೇಕೆಂದಿಲ್ಲ ಎಂಬುದು ಅವನಿಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಹೂವಿನ ಹಿಪ್ಪರಗಿಯ ಕಡೆಯಿಂದ ಇನ್ನೊಂದು ಕರೆ ಬಂದಿತ್ತು. ಮಂಜು ಹರಿದು ಬಿಸಿಲು ಬಿದ್ದ ಕೂಡಲೆ ಕುಸುಬೆಯ ಹೊಲಗಳು ಕೆಂಪಗೆ, ಹಳದಿಗೆ ಎದ್ದು ಕೂತವು. ಎಷ್ಟೋ ದಿನಗಳ ಮೇಲೆ ಕಣ್ಣು ಬಿಟ್ಟಂತೆ ಅವನು ಅವುಗಳನ್ನು ನೋಡಿದ.

ಮುಂದಿನ ಚಳಿಗಾಲದಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಬಸಂತರಾಯ ಜೀಪು ನಿಲ್ಲಿಸಲು ಹೇಳಿ ತೋಟಕ್ಕೆ ಇಳಿದ. ಬಿಜಾಪುರದ ಖಾಜಿಯವರನ್ನು ಕೇಳಿ, ಸುದ್ದಿಯಿಲ್ಲದ ಗಂಡನಿಂದ ಬಿಡುಗಡೆ ಪಡೆಯಲು ಕೋರ್ಟಿನ ತಿರುಗಾಟ ಮುಗಿಸಿ, ಲಾಲಬಿ ಮತ್ತು ಗೈಬುಸಾಬನ ನಿಕಾ ಆಗಿತ್ತು. ಊರಲ್ಲಿ ಕೆಲವರು ಇನ್ನೂ ಮಾತಾಡಿಸುತ್ತಿರಲಿಲ್ಲವಂತೆ. ಸೈದಾಬಿ ಊರ ಮನೆಗೆ ಬೀಗ ಹಾಕಿ ಇಲ್ಲಿಗೇ ಬಂದಿದ್ದಳು. ಗುಡಿಸಲಿಗೆ ಇನ್ನೊಂದು ಅಂಕಣ ಕೂಡಿಸಿದ್ದರು. ಅದರ ಮುಂದೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಮುದುಕಿ ನಿಂಬೆಹಣ್ಣುಗಳನ್ನು ಕೈಯಲ್ಲೇ ತೂಗಿ ದಪ್ಪದ್ದು ಸಣ್ಣದ್ದು ಬೇರೆ ಮಾಡುತ್ತಿದ್ದಳು. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದಳು.

"ನಾಯೀ ಪೊಲೀಸಪ್ಪ ಬಂದೇನು? ಬಾ, ಕುಂದ್ರು. ಲಾಲಬಿ ಚಹಾ ಇಡತಾಳ."

ಕೂತ. ಅದೂ ಇದೂ ಮಾತಾಡಿದರು. ಮೈಬೂಬನ ಸುದ್ದಿ ಯಾರೂ ಎತ್ತಲಿಲ್ಲ. ಬಸಂತರಾಯ ಎದ್ದು ಹೊರಟಾಗ ಮುದುಕಿ ಅವನ ಅಂಗಿಯ ತುದಿ ಹಿಡಿದಳು.

"ತಮ್ಮಾ, ನಿನ್ನ ಕೆಲಸ ಅಂದ್ರ ಊರೂರು ತಿರಗೂದು. ಯಾವಾಗರ ಮುಂಬೈಗೆ ಹೋಗ್ತೀಯೇನು?"

"ಹೋದ್ರೂ ಹೋಗಬಹುದ್ರಿ ಯವ್ವಾ."

"ಹೋದ್ರ, ಅವನ್ನ ಹಿಡದ ತರಬ್ಯಾಡ. ಎಲ್ಲದಾನೋ ಅಲ್ಲೇ ಇರ್ಲಿ." ಅವಳು ಒಂದು ನಿಂಬೆಹಣ್ಣನ್ನು ಅವನ ಕೈಯಲ್ಲಿಟ್ಟು ಬೆರಳು ಮಡಿಸಿದಳು. "ಆರಾಮ ಅದಾನೇನು, ಅಷ್ಟs ದೂರದಿಂದ ನೋಡಿ ಬಾ."